ಹೊಸ ಸ್ಟ್ರಿಂಗ್, ದಿನಕ್ಕೊಂದು ಬ್ರೇಸ್ ಹೈಟ್: ತಪ್ಪು ಎಲ್ಲಿ?

ಹೊಸಬ_ತುಮಕೂರು
ಎಲ್ಲರಿಗೂ ನಮಸ್ಕಾರ. ರಿಕರ್ವ್ (ತುದಿ ಮುಂದಕ್ಕೆ ಬಾಗಿದ ಬಿಲ್ಲು) ಹಿಡಿದು ಎಂಟು ತಿಂಗಳಾಯಿತು. 25 ಇಂಚಿನ ರೈಸರ್ (ನಡುವಿನ ಹಿಡಿಕೆ ಭಾಗ), ಮೀಡಿಯಂ ಲಿಂಬ್ (ಬಾಗುವ ಎರಡು ತೋಳು), ಒಟ್ಟು 68 ಇಂಚಿನ ಬಿಲ್ಲು, ಎಳೆಯುವ ಬಲ 30 ಪೌಂಡ್. ಹಳೇ ಸ್ಟ್ರಿಂಗ್‌ನ (ಹೆದೆಯ) ಎಳೆ ಕಿತ್ತುಬಂದಿತ್ತು. ಅದಕ್ಕೆ ಕಳೆದ ವಾರ 8125 ಅನ್ನುವ ದಾರದ್ದು, 18 ಎಳೆಯ ಹೊಸ ಸ್ಟ್ರಿಂಗ್ ಹಾಕಿದೆ. ಮೊದಲ ದಿನ ಬ್ರೇಸ್ ಹೈಟ್ (ಗ್ರಿಪ್‌ನ ತಗ್ಗಿನಿಂದ ಸ್ಟ್ರಿಂಗ್‌ಗೆ ಇರುವ ದೂರ) 22 ಸೆಂ.ಮೀ. ಮರುದಿನ 21.7. ಆಮೇಲೆ 21.4. ಇವತ್ತು 21.1! ಬಾಣ ಬಿಟ್ಟ ಕೂಡಲೇ ತಗಡಿಗೆ ಬಡಿದ ಹಾಗೆ 'ಟಪ್' ಅಂತ ಸದ್ದು. ಎಡಗೈಗೂ ಬಡಿಯುತ್ತಿದೆ, ಆರ್ಮ್ ಗಾರ್ಡ್ ಮೇಲ್ಗಡೆ ಎರಡು ಬೆರಳಗಲ ನೀಲಿಗಟ್ಟಿದೆ. ರೇಂಜ್‌ನಲ್ಲಿ ಒಬ್ಬರು ಸ್ಟ್ರಿಂಗ್‌ಗೆ ಹತ್ತು ಸುತ್ತು ಹುರಿ ಹಾಕು, ಗಿಡ್ಡವಾಗಿ ಬ್ರೇಸ್ ಹೈಟ್ ಏರುತ್ತದೆ ಅಂತಾರೆ. ಇನ್ನೊಬ್ಬರು ಹುರಿ ಜಾಸ್ತಿಯಾದರೆ ವೇಗ ಹೋಗುತ್ತದೆ, ಸುಮ್ನೆ ಬಿಡು ಅಂತಾರೆ. ದಿನಾ ಯಾಕೆ ಇಳಿಯುತ್ತಿದೆ, ಯಾರ ಮಾತು ಕೇಳಲಿ?

ಚಾಮುಂಡಿ_ಮೆಟ್ಟಿಲು
ಬಾಣ ತಯಾರಿಸುವ ಈಸ್ಟನ್‌ನವರ ಟ್ಯೂನಿಂಗ್ ಗೈಡ್‌ನಲ್ಲಿ 68 ಇಂಚಿನ ಬಿಲ್ಲಿಗೆ ಶುರುವಿನ ಬ್ರೇಸ್ ಹೈಟ್ ಎಂಟೂವರೆಯಿಂದ ಎಂಟೂಮುಕ್ಕಾಲು ಇಂಚು ಅಂತ ಕೊಟ್ಟಿದ್ದಾರೆ. ಅಂದರೆ ಸುಮಾರು 21.6ರಿಂದ 22.2 ಸೆಂ.ಮೀ. 66ರ ಬಿಲ್ಲಿಗೆ 21.3ರಿಂದ 21.9, 70ಕ್ಕೆ 21.9ರಿಂದ 22.5. ನೀವು ಕೆಳಗಿನ ಗೆರೆಗಿಂತ ಅರ್ಧ ಸೆಂಟಿಮೀಟರ್ ಕೆಳಗಿದ್ದೀರಿ. ಸದ್ದು ಬಾರದೆ ಇನ್ನೇನು?

ಕೆಳಗಿನ ಲೂಪ್ ಬಿಚ್ಚಿ, ಮೂರು ಸುತ್ತು ಹುರಿ ಹಾಕಿ, ಆರು ಬಾಣ ಹೊಡೆಯಿರಿ. ಮತ್ತೆ ಮೂರು ಸುತ್ತು, ಮತ್ತೆ ಆರು ಬಾಣ. ಒಂದು ಹಂತದಲ್ಲಿ 'ಟಪ್' ಹೋಗಿ 'ಥುಮ್' ಅಂತ ಮೆತ್ತಗಾಗುತ್ತದೆ. ಅದೇ ನಿಮ್ಮ ಬಿಲ್ಲಿನ ಜಾಗ. ಒಂದು ಎಚ್ಚರ: ನಡುವಿನ ಸರ್ವಿಂಗ್ (ಸ್ಟ್ರಿಂಗ್ ಮೇಲೆ ಸುತ್ತಿದ ಕಾವಲು ದಾರ) ಯಾವ ದಿಕ್ಕಿಗೆ ಸುತ್ತಿದೆಯೋ ಆ ದಿಕ್ಕಿಗೇ ಹುರಿ ಹಾಕಿ. ಉಲ್ಟಾ ಹಾಕಿದರೆ ಸರ್ವಿಂಗ್ ಸಡಿಲವಾಗುತ್ತದೆ.

ಹೆದೆಯೇರಿದವ
ಗೈಡ್, ಟೇಬಲ್ ಎಲ್ಲ ಸರಿ ಸಾರ್. ಆದರೆ ಬ್ರೇಸ್ ಹೈಟ್ ಕಡಿಮೆ ಇದ್ದಷ್ಟೂ ಸ್ಟ್ರಿಂಗ್ ಬಾಣವನ್ನು ಜಾಸ್ತಿ ದೂರ ತಳ್ಳುತ್ತದೆ. ವೇಗ ಜಾಸ್ತಿ. 30 ಪೌಂಡ್‌ನಲ್ಲಿ ದೂರದ ಟಾರ್ಗೆಟ್‌ಗೆ ಬಾಣ ಮುಟ್ಟಿಸುವುದೇ ಕಷ್ಟ, ಸೈಟ್ ಪಿನ್ ಕೆಳಗೆ ಇಳಿದು ಇಳಿದು ಬಾಣಕ್ಕೇ ತಾಗುತ್ತದೆ. ನಾನು 68ರ ಬಿಲ್ಲಿನಲ್ಲಿ 21.2 ಇಟ್ಟುಕೊಂಡೇ ಎರಡು ವರ್ಷದಿಂದ ಹೊಡೆಯುತ್ತಿದ್ದೇನೆ. ಸದ್ದು ಬಂದರೆ ಬರಲಿ. ಸಂಗೀತ ಕಛೇರಿಗೆ ಹೋಗಿದ್ದೀವಾ?

ದುರ್ಗದ_ಗಾಳಿ
@ಹೆದೆಯೇರಿದವ, ಲೆಕ್ಕ ಹಾಕೋಣ ಬನ್ನಿ. 28 ಇಂಚು ಡ್ರಾ (ಪೂರ್ತಿ ಎಳೆದಾಗಿನ ಉದ್ದ) ಅಂದರೆ ಗ್ರಿಪ್‌ನ ತಗ್ಗಿನಿಂದ ಇಪ್ಪತ್ತಾರೂಕಾಲು ಇಂಚು, ಸುಮಾರು 66.7 ಸೆಂ.ಮೀ. ಅದರಲ್ಲಿ ಬ್ರೇಸ್ ಹೈಟ್ 21.7 ಕಳೆದರೆ ಸ್ಟ್ರಿಂಗ್ ಬಾಣವನ್ನು ತಳ್ಳುವ ದೂರ 45 ಸೆಂ.ಮೀ. ನೀವು ಅರ್ಧ ಸೆಂಟಿಮೀಟರ್ ಇಳಿಸಿದರೆ ಆ ದೂರ ಶೇಕಡಾ 1ರಷ್ಟು ಹೆಚ್ಚಾಯಿತು. ಅದೂ ಬಿಲ್ಲಿನ ಬಲ ತೀರಾ ಕಡಿಮೆ ಇರುವ ಕೊನೆಯ ತುದಿಯಲ್ಲಿ. ಶಕ್ತಿ ಪೂರಾ ಶೇಕಡಾ 1 ಹೆಚ್ಚಿತು ಅಂತಲೇ ಇಟ್ಟುಕೊಂಡರೂ ವೇಗ ಹೆಚ್ಚುವುದು ಅರ್ಧ ಶೇಕಡಾ. ಸೆಕೆಂಡಿಗೆ 170 ಅಡಿ ಹೋಗುವ ಬಾಣ 171 ಅಡಿ ಹೋಗಬಹುದು, ಅಷ್ಟೇ. ಇಷ್ಟಕ್ಕೆ ಕೈ ನೀಲಿ ಮಾಡಿಕೊಳ್ಳಬೇಕಾ?

@ಚಾಮುಂಡಿ_ಮೆಟ್ಟಿಲು, ಕಿವಿಯನ್ನು ನಂಬುವುದೂ ನನಗೆ ಒಪ್ಪಿಗೆಯಿಲ್ಲ. ನಮ್ಮ ಚಿತ್ರದುರ್ಗದ ಕಡೆ ಗಾಳಿ ಹೇಗೆ ಅಂತ ಗುಡ್ಡದ ಮೇಲಿನ ಫ್ಯಾನ್‌ಗಳನ್ನು ನೋಡಿದವರಿಗೆಲ್ಲ ಗೊತ್ತು. ಬಯಲಲ್ಲಿ ನಿಂತರೆ 'ಟಪ್'ಗೂ 'ಥುಮ್'ಗೂ ವ್ಯತ್ಯಾಸವೇ ಕೇಳುವುದಿಲ್ಲ. ನಾನು ನೋಡುವುದು ಗುಂಪು, ಅಂದರೆ ಬಾಣಗಳು ಎಷ್ಟು ಹತ್ತಿರ ಹತ್ತಿರ ಬೀಳುತ್ತವೆ ಅಂತ. 30 ಮೀಟರ್‌ನಲ್ಲಿ ಒಂದೊಂದು ಎತ್ತರಕ್ಕೆ ಮೂರು ಸಲ ಆರಾರು ಬಾಣ, ಎಲ್ಲಿ ಗುಂಪು ಚಿಕ್ಕದೋ ಅಲ್ಲಿ ನಿಲ್ಲಿಸು.

ಚಾಮುಂಡಿ_ಮೆಟ್ಟಿಲು
ಎಂಟು ತಿಂಗಳ ಹುಡುಗನ ಗುಂಪು ಅವನ ಬ್ರೇಸ್ ಹೈಟ್ ತೋರಿಸುವುದಿಲ್ಲ ಮಾರಾಯ, ಅವನು ಬೆಳಿಗ್ಗೆ ತಿಂಡಿ ತಿಂದನೋ ಇಲ್ಲವೋ ಅದನ್ನು ತೋರಿಸುತ್ತದೆ! ಗುಂಪು ನೋಡಿ ಟ್ಯೂನ್ ಮಾಡಲು ಮೊದಲು ಗುಂಪು ಇರಬೇಕಲ್ವಾ? ಸದ್ದು ಹಾಗಲ್ಲ. ರಿಲೀಸ್ ಸ್ವಲ್ಪ ಹೆಚ್ಚುಕಡಿಮೆ ಆದರೂ ಸದ್ದಿನ ಬದಲಾವಣೆ ಗೊತ್ತಾಗುತ್ತದೆ. ಗಾಳಿ ಇದ್ದರೆ ಒಳಗೆ ಹೋಗಿ ಹೊಡೆಯಿರಿ. ಐದು ಮೀಟರ್ ಜಾಗ, ಒಂದು ಬಟ್ (ಬಾಣ ನಾಟುವ ದಿಂಡು) ಸಾಕು.

ಶರಾವತಿ
ಇಬ್ಬರೂ ಜಗಳ ನಿಲ್ಲಿಸಿ. ಆ ಹುಡುಗ ಕೇಳಿದ್ದು 'ಎಷ್ಟಿರಬೇಕು' ಅಂತಲ್ಲ, 'ದಿನಾ ಯಾಕೆ ಇಳಿಯುತ್ತಿದೆ' ಅಂತ. ಹೊಸ ಸ್ಟ್ರಿಂಗ್ ಸ್ವಲ್ಪ ಕೂರುತ್ತದೆ ನಿಜ. ಲೂಪ್ ಬಿಗಿಯಾಗುತ್ತದೆ, ಎಳೆಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಆದರೆ ಅದೆಲ್ಲ ಮೊದಲ ನೂರು ಬಾಣದಲ್ಲೇ ಹೆಚ್ಚುಪಾಲು ಮುಗಿಯುತ್ತದೆ. 8125 ಡಾಕ್ರಾನ್ ಥರ ಹಿಗ್ಗುವ ದಾರವಲ್ಲ. ದಿನಕ್ಕೆ ಲೆಕ್ಕವಿಟ್ಟ ಹಾಗೆ 3 ಮಿ.ಮೀ. ಇಳಿಯುತ್ತಿದೆ ಅಂದರೆ ಬೇರೆ ಏನೋ ಇದೆ.

ತಮ್ಮಾ, ಮೂರು ಪ್ರಶ್ನೆ. ಅಳೆಯುವಾಗ ಸ್ಕೇಲ್ ಎಲ್ಲಿಗೆ ಮುಟ್ಟಿಸುತ್ತೀ? ಮನೆಗೆ ಹೋಗುವಾಗ ಸ್ಟ್ರಿಂಗ್ ಏನು ಮಾಡುತ್ತೀ? ಬಿಲ್ಲಿಗೆ ಹೆದೆ ಏರಿಸುವುದು ಹೇಗೆ, ಸ್ಟ್ರಿಂಗರ್‌ನಲ್ಲೋ, ಕಾಲಿನ ಸಂದಿಯಲ್ಲಿ ಬಿಲ್ಲು ತೂರಿಸಿ ಬಗ್ಗಿಸುತ್ತೀಯೋ?

ಹೊಸಬ_ತುಮಕೂರು
ಅಕ್ಕ, ಗ್ರಿಪ್‌ನ ತೀರಾ ಒಳಗಿನ ತಗ್ಗಿನಿಂದ ಅಳೆಯುತ್ತೇನೆ. ಬೆವರಿಗೆ ಜಾರುತ್ತದೆ ಅಂತ ಗ್ರಿಪ್ ಮೇಲೆ ಬ್ಯಾಡ್ಮಿಂಟನ್ ಗ್ರಿಪ್ ಎರಡು ಸುತ್ತು ಸುತ್ತಿದ್ದೇನೆ, ಅದರ ಮೇಲಿಂದಲೇ ಅಳತೆ. ಸ್ಟ್ರಿಂಗರ್ ಇದೆ. ಮನೆಗೆ ಹೋಗುವಾಗ ಸ್ಟ್ರಿಂಗ್ ಬಿಚ್ಚಿ, ಬೆರಳಿಗೆ ಸುತ್ತಿ, ಬ್ಯಾಗಿನ ಸೈಡ್ ಜೇಬಿಗೆ ಹಾಕುತ್ತೇನೆ.

ಶರಾವತಿ
ಸಿಕ್ಕಿತು ನೋಡು. ಜೇಬಿನಲ್ಲಿ ಹುರಿ ಬಿಚ್ಚಿಕೊಳ್ಳುತ್ತಿದೆ.

ಲೂಪ್ ಎರಡೂ ಸ್ವತಂತ್ರವಾದ ಕೂಡಲೇ ಸ್ಟ್ರಿಂಗ್ ತಾನಾಗಿಯೇ ಎರಡು ಮೂರು ಸುತ್ತು ತಿರುಗಿಬಿಡುತ್ತದೆ. ಕೈಯಲ್ಲಿ ಹಿಡಿದು ನೋಡಿದರೆ ಕೆಳಗಿನ ಲೂಪ್ ನಿಧಾನಕ್ಕೆ ಗಿರಗಿರ ತಿರುಗುವುದು ಕಾಣಿಸುತ್ತದೆ. ಮರುದಿನ ನೀನು ಅದೇ ಸ್ಟ್ರಿಂಗ್ ಅಂದುಕೊಂಡು ಹಾಕುತ್ತೀ. ಆದರೆ ಅದು ಮೂರು ಸುತ್ತು ಕಡಿಮೆಯ, ಒಂದಿಷ್ಟು ಉದ್ದದ ಸ್ಟ್ರಿಂಗ್. ಮೂರು ರಾತ್ರಿಗೆ ಒಂಬತ್ತು ಸುತ್ತು. 9 ಮಿ.ಮೀ. ಹೋಯಿತಲ್ಲ!

ಇನ್ನು ಮೇಲೆ ಬಿಚ್ಚಿದ ಕೂಡಲೇ, ಕೈ ಬಿಡುವ ಮೊದಲೇ, ಒಂದು ಲೂಪನ್ನು ಇನ್ನೊಂದರೊಳಗೆ ತೂರಿಸು. ಸಣ್ಣ ಬಳ್ಳಿಯಿಂದ ಎರಡನ್ನೂ ಕಟ್ಟಿದರೂ ಸರಿ. ಎಲ್ಲಕ್ಕಿಂತ ಮೊದಲು ಒಮ್ಮೆ ಪೂರ್ತಿ ಹುರಿ ಬಿಚ್ಚಿ ಎಣಿಸು, ಎಷ್ಟು ಸುತ್ತಿದೆ ಅಂತ ನೋಟ್‌ಬುಕ್‌ನಲ್ಲಿ ಬರೆದಿಡು. ಮೊದಲ ಹತ್ತು ಸುತ್ತಿಗೆ ಬ್ರೇಸ್ ಹೈಟ್ ಅಲುಗಾಡಿದ ಹಾಗೇ ಕಾಣುವುದಿಲ್ಲ. ಇಪ್ಪತ್ತು ದಾಟಿದ ಮೇಲೆ ಒಂದೊಂದು ಸುತ್ತೂ ಎದ್ದು ಕಾಣುತ್ತದೆ. ಹಗ್ಗ ಹೊಸೆದವರಿಗೆ ಇದು ಗೊತ್ತಿರುತ್ತದೆ.

ಬ್ಯಾಡ್ಮಿಂಟನ್ ಗ್ರಿಪ್ ಮೇಲಿಂದ ಅಳೆದರೆ ಅದರ ದಪ್ಪದಷ್ಟು ಕಡಿಮೆ ಓದುತ್ತದೆ. ಅದು ಬೆವರಿಗೆ ಒತ್ತಿಕೊಂಡಷ್ಟೂ ಅಳತೆ ಬದಲಾಗುತ್ತದೆ. ಬೋ ಸ್ಕ್ವೇರ್ (ಸ್ಟ್ರಿಂಗ್‌ಗೆ ಸಿಕ್ಕಿಸುವ T ಆಕಾರದ ಸ್ಕೇಲ್) ಕ್ಲಿಪ್ ಮಾಡಿ ಪ್ಲಂಜರ್ (ಬಾಣದ ಪಕ್ಕಕ್ಕೆ ಒತ್ತುವ ಸ್ಪ್ರಿಂಗ್ ಗುಂಡಿ) ತೂತಿನ ನಡುವಿಗೆ ಅಳತೆ ನೋಡು. ನಿನ್ನ ರೈಸರ್‌ನಲ್ಲಿ ಅದು ಗ್ರಿಪ್ ತಗ್ಗಿನ ಅಳತೆಗೆ ಸ್ವಲ್ಪ ಬೇರೆ ಬರಬಹುದು, ಬರಲಿ. ದಿನಾ ಒಂದೇ ಜಾಗದಿಂದ ಅಳೆದರೆ ಆಯಿತು.

ಕೈಗೆ ಬಡಿಯುವುದಕ್ಕೆ ಬ್ರೇಸ್ ಹೈಟ್ ಅರ್ಧ ಕಾರಣ ಅಷ್ಟೇ. ಎಡಗೈ ಚಾಚಿ ಅಂಗೈಯನ್ನು ಗೋಡೆಗೆ ಒತ್ತು. ಅಂಗೈ ಅಲ್ಲಾಡಿಸದೆ ಮೊಣಕೈಯನ್ನು ಮಾತ್ರ ಹೊರಗಡೆಗೆ ತಿರುಗಿಸು. ಮೊಣಕೈ ಸಂದಿನ ಮಡಿಕೆ ಆಕಾಶ ನೋಡುತ್ತಿದ್ದದ್ದು ಪಕ್ಕಕ್ಕೆ ತಿರುಗಿ ಮೇಲಿಂದ ಕೆಳಕ್ಕೆ ನೆಟ್ಟಗೆ ನಿಲ್ಲುತ್ತದೆ. ಬಿಲ್ಲು ಹಿಡಿದಾಗಲೂ ಹಾಗೇ ಇರಬೇಕು.

ಹೆದೆಯೇರಿದವ
ಅಕ್ಕ ಬಂದು ಪತ್ತೇದಾರಿ ಕೆಲಸ ಮಾಡಿಬಿಟ್ಟರು. ಅಂದ ಹಾಗೆ ರೇಂಜ್‌ನಲ್ಲಿ 'ಹೆದೆ' ಅನ್ನುವವರು ನೀವೊಬ್ಬರೇ ಇರಬೇಕು. ನಾನು ಹೆಸರಿನಲ್ಲಷ್ಟೇ ಇಟ್ಟುಕೊಂಡಿದ್ದೇನೆ. ಆ ಶಿವಧನುಸ್ಸಿಗೂ ಒಂದು ಸ್ಟ್ರಿಂಗರ್ ಇದ್ದಿದ್ದರೆ ಮುರಿಯುತ್ತಿರಲಿಲ್ಲ ಅಲ್ವಾ?

ಚಾಮುಂಡಿ_ಮೆಟ್ಟಿಲು
ಮುರಿಯದಿದ್ದರೆ ಮದುವೆ ಆಗುತ್ತಿತ್ತೋ ಇಲ್ಲವೋ, ಬಿಡಿ. ತುಮಕೂರಿನವರೇ, ಇನ್ನೊಂದು ಮಾತು. ಬ್ರೇಸ್ ಹೈಟ್ ಏರಿಸಿದರೆ ಬಾಣ ಸ್ವಲ್ಪ ಮೆತ್ತಗಿರುವ ಹಾಗೆ ವರ್ತಿಸುತ್ತದೆ. ಬಲಗೈಯವರಾದರೆ ಬೇರ್ ಶಾಫ್ಟ್ (ಗರಿಯಿಲ್ಲದ ಬಾಣ) ಬಲಕ್ಕೆ ಸರಿಯಬಹುದು.

ದುರ್ಗದ_ಗಾಳಿ
ಉಲ್ಟಾ ಅಲ್ವಾ? ಬಾಣ ಸ್ಟ್ರಿಂಗ್ ಮೇಲೆ ಕಡಿಮೆ ಹೊತ್ತು ಇರುತ್ತದೆ, ಬಾಗುವುದೂ ಕಡಿಮೆ. ಗಟ್ಟಿ ಬಾಣದ ಥರ ಎಡಕ್ಕೆ ಹೋಗಬೇಕು.

ಚಾಮುಂಡಿ_ಮೆಟ್ಟಿಲು
ನಿಮ್ಮ ಹಾಗೆ ವಾದಿಸುವವರು ಬಹಳ ಜನ ಇದ್ದಾರೆ. ಈಸ್ಟನ್ ಗೈಡ್ ಕೊಡುವ ಕಾರಣ ಬೇರೆ: ಸ್ಟ್ರಿಂಗ್ ಗಿಡ್ಡವಾದರೆ ಲಿಂಬ್ ಮೊದಲೇ ಜಾಸ್ತಿ ಬಗ್ಗಿರುತ್ತದೆ, ಪೂರ್ತಿ ಎಳೆದಾಗ ಪೌಂಡ್ ಸ್ವಲ್ಪ ಏರುತ್ತದೆ, ಬಾಣ ಮೆತ್ತಗೆ ಕಾಣುತ್ತದೆ.

ದುರ್ಗದ_ಗಾಳಿ
ಪೌಂಡ್ ಏರುವುದನ್ನು ತೂಕದ ಸ್ಕೇಲ್ ಹಾಕಿ ನಾನೂ ನೋಡಿದ್ದೇನೆ, ಒಪ್ಪಿದೆ. ಆದರೆ 18 ಮೀಟರ್‌ನಲ್ಲಿ ಪರೀಕ್ಷೆ ಮಾಡಿದಾಗ ನನ್ನ ಬೇರ್ ಶಾಫ್ಟ್ ಬಲಕ್ಕೂ ಹೋಯಿತು, ಎಡಕ್ಕೂ ಹೋಯಿತು. ನನ್ನ ಕೈ ನಡುಕವೇ ಈ ವ್ಯತ್ಯಾಸಕ್ಕಿಂತ ದೊಡ್ಡದು. ಬಾಣ ಗಟ್ಟಿ ಮೆತ್ತಗೆ ಸರಿಮಾಡಲು ಪ್ಲಂಜರ್ ಸ್ಪ್ರಿಂಗ್ ಇದೆ, ಲಿಂಬ್ ಬೋಲ್ಟ್ ಇದೆ. ಅದಕ್ಕೆ ಬ್ರೇಸ್ ಹೈಟ್ ಮುಟ್ಟಬೇಡಿ ಅಂತಷ್ಟೇ ನನ್ನ ವಾದ.

ಮಲೆನಾಡ_ಮಳೆ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಮನೆಯಲ್ಲಿ ಮಾವನ ಹಳೇ ಮರದ ರಿಕರ್ವ್ ಇದೆ. ಲಿಂಬ್ ತುದಿಯೂ ಬರೀ ಮರ. ಅದಕ್ಕೂ ಈ 8125 ಹಾಕಬಹುದಾ?

ಶರಾವತಿ
ಬೇಡ. ಹಿಗ್ಗದ ದಾರ ಬಾಣ ಬಿಟ್ಟಾಗ ಆ ಪೆಟ್ಟನ್ನೆಲ್ಲ ತುದಿಗೇ ಕೊಡುತ್ತದೆ. ತುದಿಗೆ ಬಲ ಕೊಡದ ಹಳೇ ಬಿಲ್ಲಾದರೆ ಲೂಪ್ ಮರವನ್ನೇ ಕೊರೆದು ಸೀಳಬಹುದು. ಡಾಕ್ರಾನ್ ಹಾಕಿ. ನಿಧಾನ, ಹಿಗ್ಗುತ್ತದೆ, ಆದರೆ ಮಾವನ ಬಿಲ್ಲು ಉಳಿಯುತ್ತದೆ. ಲಿಂಬ್ ತಿರುಚಿಕೊಂಡಿದೆಯಾ ಅಂತ ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ ಆಮೇಲೆ ಎಳೆಯಿರಿ. ಮಳೆಗಾಲದಲ್ಲಿ ಸ್ಟ್ರಿಂಗ್‌ಗೆ ಮೇಣ ಮರೆಯಬೇಡಿ.

ಹೊಸಬ_ತುಮಕೂರು
ನಾಲ್ಕು ದಿನದ ವರದಿ. ಹುರಿ ಬಿಚ್ಚಿ ಎಣಿಸಿದೆ, 19 ಸುತ್ತು ಇತ್ತು. ಬ್ಯಾಡ್ಮಿಂಟನ್ ಗ್ರಿಪ್ ಕಿತ್ತು ಹಾಕಿದೆ, ಅದೇ 3 ಮಿ.ಮೀ. ತಿಂದಿತ್ತು. ಮೂರು ಮೂರು ಸುತ್ತು ಏರಿಸುತ್ತಾ ಬಂದೆ. 28 ಸುತ್ತಿಗೆ 22.2 ಬಂತು, ಸದ್ದು ಮತ್ತೆ ಒರಟಾಯಿತು. ಎರಡು ಸುತ್ತು ಇಳಿಸಿ 22ಕ್ಕೆ ನಿಲ್ಲಿಸಿದೆ. ಅಲ್ಲಿ 'ಥುಮ್' ನಿಜಕ್ಕೂ ಇದೆ ಸರ್, ಪಕ್ಕದ ಲೇನ್‌ನವರೂ ತಿರುಗಿ ನೋಡಿದರು. ಲೂಪ್ ಒಳಗೆ ಲೂಪ್ ತೂರಿಸಿ ಇಡುತ್ತಿದ್ದೇನೆ, ನಾಲ್ಕು ದಿನದಿಂದ 22 ಅಲ್ಲೇ ಇದೆ. ಕೈಗೆ ಬಡಿಯುವುದು ಪೂರ್ತಿ ನಿಂತಿಲ್ಲ. ಸುಸ್ತಾದಾಗ ಮೊಣಕೈ ಮರೆತುಹೋಗುತ್ತದೆ. ಆದರೆ ಬಾಣ ಈಗ ಸ್ವಲ್ಪ ಮೇಲೆ ಕೆಳಗೆ ಕುಣಿಯುತ್ತಾ ಹೋಗುತ್ತಿದೆಯಲ್ಲ?

ದುರ್ಗದ_ಗಾಳಿ
ನಾಕಿಂಗ್ ಪಾಯಿಂಟ್ (ಸ್ಟ್ರಿಂಗ್‌ನಲ್ಲಿ ಬಾಣ ಸಿಕ್ಕಿಸುವ ಜಾಗ). ಹುರಿ ಬದಲಾದ ಮೇಲೆ ಅದನ್ನು ಮತ್ತೆ ಅಳೆಯಲೇಬೇಕು. ಸ್ಕ್ವೇರ್ ಗೆರೆಯಿಂದ 8ರಿಂದ 10 ಮಿ.ಮೀ. ಮೇಲೆ ಇಟ್ಟು ಶುರುಮಾಡಿ, ಬೇರ್ ಶಾಫ್ಟ್ ನೋಡಿ ಸರಿಮಾಡಿ. ಹೊಸ ಸರ್ವಿಂಗ್‌ನಲ್ಲಿ ನಾಕ್ (ಬಾಣದ ಹಿಂತುದಿಯ ಸೀಳು) ಎಷ್ಟು ಬಿಗಿ ಕೂರುತ್ತದೆ ಅದನ್ನೂ ನೋಡಿ. ಬಿಲ್ಲನ್ನು ನೆಲದ ಕಡೆ ಮಾಡಿ ಬಾಣ ನೇತುಹಾಕಿ, ಸ್ಟ್ರಿಂಗ್‌ಗೆ ಬೆರಳಿಂದ ಒಂದು ಪೆಟ್ಟು ಕೊಡಿ. ಬಾಣ ಅದಾಗಿಯೇ ಬೀಳಬಾರದು, ಪೆಟ್ಟಿಗೆ ಬೀಳಬೇಕು.

ಹೆದೆಯೇರಿದವ
ಒಪ್ಪಿಕೊಳ್ಳುತ್ತೇನೆ. ನಿನ್ನೆ ಸುಮ್ನೆ ನನ್ನ ಸ್ಟ್ರಿಂಗ್ ಹುರಿಯನ್ನೂ ಎಣಿಸಿದೆ. ಹನ್ನೊಂದು. ಎರಡು ವರ್ಷದಿಂದ ನಾನೂ ಜೇಬಿನಲ್ಲೇ ಇಡುತ್ತಿದ್ದೆ. ಆ 21.2 ನಾನು ಆರಿಸಿಕೊಂಡದ್ದಲ್ಲ, ಜೇಬು ಆರಿಸಿದ್ದು. ಭಾನುವಾರ 21.8ಕ್ಕೆ ಏರಿಸಿ ಹೊಡೆದೆ. ಸೈಟ್ ಒಂದು ಗೆರೆಯೂ ಇಳಿಸಬೇಕಾಗಲಿಲ್ಲ. ಆದರೂ ಆ 'ಟಪ್' ಇಲ್ಲದೆ ಯಾಕೋ ಬಾಣ ಹೋದ ಹಾಗೇ ಅನ್ನಿಸುತ್ತಿಲ್ಲ.