ಪಿಟೀಲು ಕಟ್ಟುವುದನ್ನು ಕಲಿಯಲು ಕ್ರೆಮೋನಾಗೆ ಹೋದರೆ ಅಲ್ಲಿನ ದಿನಚರಿ ಹೇಗಿರುತ್ತದೆ?

ಪ್ರಶ್ನೆ: ‘ಬಿರಡೆ’, ಬಸವನಗುಡಿ

ಚಿಕ್ಕಂದಿನಿಂದ ಕರ್ನಾಟಕ ಸಂಗೀತದ ಪಿಟೀಲು ಕಲಿತ ನಾನು ಈಗ ಆ ವಾದ್ಯವನ್ನು ಕಟ್ಟುವುದನ್ನೂ ಕಲಿಯಬೇಕೆಂದು ನಿರ್ಧರಿಸಿ, ಇಟಲಿಯ ಕ್ರೆಮೋನಾದಲ್ಲಿ 1938ರಲ್ಲಿ ಆರಂಭವಾದ ಪಿಟೀಲು ತಯಾರಿಕೆಯ ಶಾಲೆಗೆ ಅರ್ಜಿ ಹಾಕುವ ಸಿದ್ಧತೆಯಲ್ಲಿದ್ದೇನೆ. ಪಠ್ಯಕ್ರಮ ಮತ್ತು ಶುಲ್ಕದ ವಿವರಗಳನ್ನು ಶಾಲೆಯವರೇ ಕೊಡುತ್ತಾರೆ. ಆದರೆ ಅಲ್ಲಿ ವರ್ಷಗಟ್ಟಲೆ ಬದುಕುವುದು ಹೇಗಿರುತ್ತದೆ, ಅಕ್ಕಪಕ್ಕದ ಜನ ಎಂಥವರು, ಸಸ್ಯಾಹಾರಿಯೊಬ್ಬಳು ಊಟಕ್ಕೆ ಏನು ಮಾಡಬೇಕು ಎಂಬುದನ್ನು ಹೇಳುವವರು ಸಿಕ್ಕಿಲ್ಲ. ಅಲ್ಲಿ ಕಲಿತದ್ದು ನಮ್ಮ ಬೆಂಗಳೂರಿನ ವಾದಕರಿಗೆ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ‘ಮಲ್ಲೇಶ್ವರದ ದುರಸ್ತಿಗಾರ’

ನಾನು ಅಲ್ಲಿಯೇ ಕಲಿತು ಬಂದವನು. ಈಗ ಮಲ್ಲೇಶ್ವರದಲ್ಲಿ ಪಿಟೀಲುಗಳ ದುರಸ್ತಿ ಮಾಡುತ್ತಿದ್ದೇನೆ. ಮೊದಲಿಗೆ ಹೇಳಬೇಕಾದದ್ದು ಭಾಷೆಯ ವಿಷಯ. ಪಾಠ ನಡೆಯುವುದು ಇಟಾಲಿಯನ್ ಭಾಷೆಯಲ್ಲಿ, ಮನೆಯೊಡತಿ ಜಗಳವಾಡುವುದೂ ಇಟಾಲಿಯನ್ ಭಾಷೆಯಲ್ಲಿ. ಇಂಗ್ಲಿಷಿನಿಂದ ಹೇಗೋ ದಿನ ದೂಡಬಹುದೆಂಬ ಧೈರ್ಯವನ್ನು ಬೆಂಗಳೂರಿನಲ್ಲಿಯೇ ಬಿಟ್ಟು, ಹೊರಡುವ ಮುನ್ನ ಸಾಧ್ಯವಾದಷ್ಟು ಭಾಷೆ ಕಲಿತು ಹೋಗಿ.

ಊರು ಚಿಕ್ಕದು, ಪೋ ನದಿಯ ಬಯಲಿನಲ್ಲಿದೆ. ಮಿಲಾನಿನಿಂದ ರೈಲಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಚಳಿಗಾಲದಲ್ಲಿ ಮಂಜು ಕವಿದರೆ, ಸುಮಾರು 112 ಮೀಟರ್ ಎತ್ತರದ ಇಟ್ಟಿಗೆಯ ಗಂಟೆಗೋಪುರ ತೊರಾತ್ಸೊ ಕೂಡ ಚೌಕದಲ್ಲಿ ನಿಂತವರ ಕಣ್ಣಿಗೆ ಬೀಳುವುದಿಲ್ಲ. ಬೇಸಿಗೆಯಲ್ಲಿ ಸೆಕೆ, ಸೊಳ್ಳೆ ಎರಡೂ ಉಂಟು. ಮಧ್ಯಾಹ್ನ ಬಹುತೇಕ ಅಂಗಡಿಗಳು ಬಾಗಿಲು ಹಾಕುತ್ತವೆ, ಆ ಹೊತ್ತಿನಲ್ಲಿ ತುರ್ತಾಗಿ ಏನೋ ಬೇಕೆಂದು ಓಡಾಡುವವರನ್ನು ಊರಿನವರು ಕನಿಕರದಿಂದ ನೋಡುತ್ತಾರೆ.

ಶಾಲೆಯಲ್ಲಿ ಮೊದಮೊದಲು ಪಿಟೀಲಿಗಿಂತ ಹೆಚ್ಚಾಗಿ ಸಾಣೆಕಲ್ಲಿನ ಸಹವಾಸವೇ ಇರುತ್ತದೆ. ಉಳಿ, ಗುಂಡುಳಿ, ಬೆರಳಿನಷ್ಟೇ ಉದ್ದದ ಪುಟ್ಟ ಕೀಸುಳಿ ಇವುಗಳನ್ನು ಹರಿತ ಮಾಡಲು ಬಾರದವರಿಗೆ ಒಳ್ಳೆಯ ಮರ ಕೊಡುವುದಿಲ್ಲ. ಮೇಲ್ಮೈಯನ್ನು ಮರಳು ಕಾಗದದಿಂದ ಉಜ್ಜುವ ಬದಲು ತೆಳುವಾದ ಉಕ್ಕಿನ ತಗಡಿನಿಂದ ಹೆರೆದು ನಯಗೊಳಿಸುವುದನ್ನು ಕಲಿಸುತ್ತಾರೆ; ಮೇಲಿನ ಹಲಗೆಗೆ ಸ್ಪ್ರೂಸ್, ಹಿಂಭಾಗಕ್ಕೂ ಪಕ್ಕೆಗಳಿಗೂ ಮೇಪಲ್. ಮೇಲಿನ ಹಲಗೆಯ ದಪ್ಪ ಮೂರು ಮಿಲಿಮೀಟರಿನ ಆಸುಪಾಸಿಗೆ ಬಂದ ಮೇಲೆ ಕೈಯ ಒಂದೇ ಒಂದು ಅವಸರದ ಎಳೆತ ವಾರಗಳ ಕೆಲಸವನ್ನು ಕೆಡಿಸಬಲ್ಲದಾದ್ದರಿಂದ, ಅಲ್ಲಿಯ ಮೇಷ್ಟರುಗಳು ಮಾತು ಕಡಿಮೆ ಮಾಡಿ ಕೈಯನ್ನೇ ನೋಡುತ್ತಿರುತ್ತಾರೆ.

ಇನ್ನು ಜನರ ಬಗ್ಗೆ. ಊರಿನ ತುಂಬ ಪಿಟೀಲು ತಯಾರಕರ ಕಾರ್ಯಾಗಾರಗಳಿವೆ, ಪ್ರತಿಯೊಬ್ಬರಿಗೂ ವಾರ್ನಿಷಿನ ಬಗ್ಗೆ ಒಂದು ಸಿದ್ಧಾಂತವಿದೆ, ಮತ್ತು ಎದುರು ಬೀದಿಯವನ ಸಿದ್ಧಾಂತ ಶುದ್ಧ ತಪ್ಪು. ನಮ್ಮ ಬೀದಿಯಲ್ಲಿದ್ದ ಒಬ್ಬ ಹಿರಿಯರು ಬಹಳ ಕಾಲ ನನ್ನ ನಮಸ್ಕಾರಕ್ಕೆ ತಲೆಯನ್ನಷ್ಟೇ ಆಡಿಸುತ್ತಿದ್ದರು. ಒಂದು ದಿನ ನನ್ನ ಉಳಿಯನ್ನು ಕೇಳಿ ಪಡೆದು, ಅದರ ಬಾಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಒಳಗೆ ಕರೆದು ಕುರ್ಚಿ ಕೊಟ್ಟರು. ಮರದ ವ್ಯಾಪಾರಿಯೊಬ್ಬರು ಹಲಗೆಯನ್ನು ಬೆರಳಿನಿಂದ ತಟ್ಟಿ ಕಿವಿಗೊಡುತ್ತಿದ್ದರು. ದರದ ಚೌಕಾಸಿಗೆ ಇಳಿದರೆ ಮಾತ್ರ ಆ ಕಿವಿ ಕೇಳುತ್ತಿರಲಿಲ್ಲ. ಕಾಫಿ ಅಂಗಡಿಯಲ್ಲಿ ನಿಂತು ಕುಡಿಯುವುದು ವಾಡಿಕೆ, ನಮ್ಮ ದರ್ಶಿನಿಗಳಿಗೆ ಒಗ್ಗಿದವರಿಗೆ ಇದು ಹೊಸತೇನಲ್ಲ. ದಿನವೂ ಒಂದೇ ಅಂಗಡಿಗೆ ಒಂದೇ ಹೊತ್ತಿಗೆ ಹೋಗಿ. ಬಾಡಿಗೆ ಮನೆ, ಸೆಕೆಂಡ್ ಹ್ಯಾಂಡ್ ಸೈಕಲ್, ನಂಬಿಕಸ್ಥ ದಂತವೈದ್ಯರು, ಎಲ್ಲವೂ ನನಗೆ ದೊರೆತದ್ದು ಆ ಕಟ್ಟೆಯ ಆಚೆ ನಿಂತಿದ್ದ ಮಹಿಳೆಯ ಮೂಲಕವೇ.

ಪಿಟೀಲಿನ ಸದ್ದಿಗೆ ನೆರೆಯವರು ತಕರಾರು ಮಾಡುತ್ತಾರೆಂಬ ಭಯ ಬೇಡ. 2019ರ ಆರಂಭದಲ್ಲಿ ಸ್ಟ್ರಾಡಿವೇರಿ ಮುಂತಾದ ಹಳೆಯ ತಯಾರಕರ ವಾದ್ಯಗಳ ನಾದವನ್ನು ಧ್ವನಿಮುದ್ರಿಸುವ ಸಲುವಾಗಿ ಪಿಟೀಲು ವಸ್ತುಸಂಗ್ರಹಾಲಯದ ಸುತ್ತಲಿನ ಬೀದಿಗಳಲ್ಲಿ ವಾಹನಗಳನ್ನೇ ತಡೆದು, ನಾಗರಿಕರೆಲ್ಲ ಸದ್ದು ಮಾಡದಿರಬೇಕೆಂದು ಮೇಯರ್ ಕೋರಿಕೊಂಡ ಊರು ಅದು. ರಾತ್ರಿ ಹತ್ತರ ಮೇಲೆ ಬಟ್ಟೆ ಒಗೆಯುವ ಯಂತ್ರ ಹಾಕಿದರೆ ಮಾತ್ರ ಬಾಗಿಲು ಬಡಿಯುತ್ತಾರೆ.

ಉತ್ತರ 2: ‘ಜಯನಗರದ ಅಮ್ಮ’

ನನ್ನ ಮಗಳು ಅಲ್ಲಿ ಓದುತ್ತಿದ್ದಾಳೆ, ನಾನು ಹೋಗಿ ಕೆಲಕಾಲ ಅವಳ ಜೊತೆ ಇದ್ದು ಬಂದಿದ್ದೇನೆ, ಆದ್ದರಿಂದ ಊಟದ ಮಾತನ್ನು ನಾನು ಹೇಳುತ್ತೇನೆ. ಅಲ್ಲಿನ ಹಬ್ಬದೂಟದ ಮಾರುಬೀನಿ ಎಂಬ ಪುಟ್ಟ ಕಡುಬಿನಲ್ಲಿ ಮಾಂಸದ ಹೂರಣವಿರುತ್ತದೆ, ಅದನ್ನು ಬಡಿಸುವ ಸಾರೂ ಮಾಂಸದ್ದೇ. ತರಕಾರಿ ಸೂಪೆಂದು ಹೇಳಿದರೂ ಯಾವ ನೀರಿನಲ್ಲಿ ಬೇಯಿಸಿದ್ದು ಎಂದು ಕೇಳಿಕೊಳ್ಳಬೇಕು. ಗ್ರಾನಾ ಪದಾನೊ ಚೀಸಿಗೆ ಹಾಲನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಒಡೆಸುತ್ತಾರೆ, ಕಟ್ಟುನಿಟ್ಟಿನವರಿಗೆ ಅದು ತಿಳಿದಿರಲಿ. ಸಾಸಿವೆಯ ಖಾರವಿರುವ ಹಣ್ಣಿನ ಮೊಸ್ತಾರ್ದಾ ನಮ್ಮ ನಾಲಿಗೆಗೆ ಹಿಡಿಸುತ್ತದೆ. ಬಾದಾಮಿ ಮತ್ತು ಜೇನಿನ ತೊರೋನೆಯಲ್ಲಿ ಮೊಟ್ಟೆಯ ಬಿಳಿಭಾಗ ಸೇರುತ್ತದೆ.

ಆ ಸೀಮೆಯ ಹಸುಗಳ ಕೊಟ್ಟಿಗೆಗಳಲ್ಲಿ ಹಾಲು ಕರೆಯುವ ಕೆಲಸ ಮಾಡುವವರಲ್ಲಿ ಪಂಜಾಬಿನವರು ಬಹಳ ಮಂದಿ ಇದ್ದಾರೆ. ಕ್ರೆಮೋನಾ ಜಿಲ್ಲೆಯ ಪೆಸ್ಸಿನಾ ಎಂಬ ಹಳ್ಳಿಯಲ್ಲಿ 2011ರಲ್ಲಿ ಅವರ ದೊಡ್ಡ ಗುರುದ್ವಾರ ತೆರೆಯಿತು. ಬೇಳೆ, ಹಿಟ್ಟು, ಮಸಾಲೆ ಎಲ್ಲಿ ಸಿಗುತ್ತದೆಂದು ಅಲ್ಲಿ ಹೇಳುತ್ತಾರೆ, ಗುರುದ್ವಾರದ ಸಾಮೂಹಿಕ ಭೋಜನವಾದ ಲಂಗರಿನಲ್ಲಿ ಊಟವನ್ನೂ ಬಡಿಸುತ್ತಾರೆ. ಹುಣಸೆಹಣ್ಣು, ಸಾರಿನ ಪುಡಿ ಮಾತ್ರ ಇಲ್ಲಿಂದಲೇ ಹೊತ್ತುಕೊಂಡು ಹೋಗಿ. ಇಳಿದ ಎಂಟು ಕೆಲಸದ ದಿನಗಳೊಳಗೆ ಅಂಚೆ ಕಚೇರಿಯ ಮೂಲಕ ವಾಸದ ಪರವಾನಗಿಗೆ ಅರ್ಜಿ ಹಾಕಬೇಕೆಂಬುದನ್ನು ಮರೆಯಬೇಡಿ, ತಾಯಿ.

ಉತ್ತರ 3: ‘ಮಂದ್ರ’, ರಾಜಾಜಿನಗರ

ವೃತ್ತಿಯಿಂದ ಪಕ್ಕವಾದ್ಯಗಾರನಾದ ನನ್ನ ಕಾಳಜಿ ಬೇರೆ. ಅಲ್ಲಿ ಕಲಿಸುವುದು ಗಲ್ಲದ ಕೆಳಗೆ ಹಿಡಿದು ನುಡಿಸುವ ಪಿಟೀಲನ್ನು. ನಾವು ನೆಲದ ಮೇಲೆ ಕುಳಿತು, ಪಿಟೀಲಿನ ತುದಿಯ ಸುರುಳಿಯನ್ನು ಪಾದದ ಮೇಲೆ ಊರಿ, ಷಡ್ಜ ಪಂಚಮಗಳಿಗೆ ಶ್ರುತಿ ಮಾಡಿ, ಗಮಕಕ್ಕಾಗಿ ಬೆರಳಿಗೆ ಎಣ್ಣೆ ಸವರಿಕೊಂಡು ನುಡಿಸುವವರು. ಮೈಸೂರು ಟಿ. ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನು ನುಡಿಸಿದ್ದೂ ನಮ್ಮ ಸಭೆಗಳ ಅಗತ್ಯದಿಂದಲೇ. ಬಳೇಪೇಟೆಯಲ್ಲಿ ಪಿಟೀಲು ಕೊಳ್ಳುವವರಿಗೆ ಇಟಲಿಯ ಹೆಸರಿನಿಂದ ಏನೂ ಆಗಬೇಕಾದ್ದಿಲ್ಲ. ತಂತಿಗಳನ್ನು ಹೊರುವ ಮರದ ಕುದುರೆಯನ್ನು ಸರಿಯಾಗಿ ಕೂರಿಸುವವರು, ವಾದ್ಯದ ಒಳಗೆ ನಿಲ್ಲುವ ಪುಟ್ಟ ಮರದ ಕಂಬವಾದ ಸೌಂಡ್ ಪೋಸ್ಟನ್ನು ನಮ್ಮ ಶ್ರುತಿಗೆ ಹೊಂದಿಸುವವರು ಬೇಕಾಗಿದ್ದಾರೆ. ಇದಕ್ಕಾಗಿ ವರ್ಷಗಟ್ಟಲೆ ಅಷ್ಟು ದೂರ ಹೋಗಬೇಕೇ?

ಉತ್ತರ 4: ‘ಮಲ್ಲೇಶ್ವರದ ದುರಸ್ತಿಗಾರ’

‘ಮಂದ್ರ’ ಅವರೇ, ತಾವು ಹೇಳಿದ ಎಣ್ಣೆಯಿಂದಲೇ ಆರಂಭಿಸುತ್ತೇನೆ. ಆ ಎಣ್ಣೆ ಬಿರುಕಿನೊಳಗೆ ಇಳಿದ ಮೇಲೆ ಅಂಟು ಹಿಡಿಯುವುದಿಲ್ಲ. ಆಗ ಯಾರೋ ಬಡಗಿಗಳ ಬಿಳಿ ಅಂಟನ್ನು ಸುರಿದು ಮುಚ್ಚಿಬಿಡುತ್ತಾರೆ, ಮುಂದೆ ಅದನ್ನು ಬಿಚ್ಚಲು ಹೋದರೆ ಮರವೇ ಸೀಳುತ್ತದೆ. ಕ್ರೆಮೋನಾದಲ್ಲಿ ಬಳಸುವುದು ಪ್ರಾಣಿಗಳ ಚರ್ಮ, ಮೂಳೆಗಳನ್ನು ಕಾಯಿಸಿ ತೆಗೆದ ಅಂಟು. ಬಿಸಿ ಮತ್ತು ತೇವ ತಗುಲಿಸಿ ಅಲಗಿನಿಂದ ಬಿಡಿಸಿದರೆ ಹಲಗೆ ಹಾನಿಯಿಲ್ಲದೆ ಕಳಚಿಕೊಳ್ಳುತ್ತದೆ. ವಾದ್ಯವನ್ನು ಮತ್ತೆ ಬಿಚ್ಚುವಂತೆ ಕಟ್ಟುವ ಈ ಶಿಸ್ತು ಕುಳಿತು ನುಡಿಸುವವರಿಗೂ ನಿಂತು ನುಡಿಸುವವರಿಗೂ ಒಂದೇ. ನಮ್ಮ ಶ್ರುತಿಯ ಹೊಂದಾಣಿಕೆಯನ್ನು ಅಲ್ಲಿ ಯಾರೂ ಕಲಿಸುವುದಿಲ್ಲವೆಂಬ ತಮ್ಮ ಮಾತು ನಿಜ. ಅದನ್ನು ಇಲ್ಲಿಯ ವಾದಕರ ಎದುರು ಕುಳಿತೇ ಕಲಿಯಬೇಕು.

ಪ್ರಶ್ನೆ ಕೇಳಿದವರಿಗೆ ಒಂದು ಮಾತು: ಸಸ್ಯಾಹಾರಿಯಾದ ನಿಮಗೆ ಆ ಅಂಟಿನ ವಾಸನೆ ಮೊದಲಿಗೆ ಕಷ್ಟವಾಗಬಹುದು, ಅದಕ್ಕೆ ಮನಸ್ಸನ್ನು ಈಗಲೇ ಸಿದ್ಧಪಡಿಸಿಕೊಳ್ಳಿ. ನಿಮ್ಮ ಪಿಟೀಲನ್ನು ನಮ್ಮ ಶ್ರುತಿಯಲ್ಲಿಯೇ ಇಟ್ಟು ಒಯ್ಯಿರಿ, ಮೇಷ್ಟರುಗಳ ಮುಂದೆ ನೆಲದ ಮೇಲೆ ಕುಳಿತು ಒಂದು ವರ್ಣ ನುಡಿಸಿ ತೋರಿಸಿ. ಕುದುರೆಯ ಎತ್ತರದ ಬಗ್ಗೆ ಅವರು ಕೇಳುವ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ.