ಪದ ಬೇಕಿದೆ: ಅರಸುತನ ಕೊಡುವ ಐರಿಷ್ ದೇವಿಗೆ ಏನೆನ್ನಬಹುದು?

ಎಲ್ಲರಿಗೂ ನಮಸ್ಕಾರ. ತುರ್ತಿದೆ. ಐರ್ಲೆಂಡಿನ ಪುರಾಣದ ದೇವಿಯರು, ವೀರವನಿತೆಯರ ಮೇಲಿನ ನಾಟಕವೊಂದರ ಕರಪತ್ರ ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. 'ಸಾವರಿನ್ಟಿ ಗಾಡೆಸ್' ಅನ್ನುತ್ತಾರಲ್ಲ, ಅದಕ್ಕೆ ಪದ ಸಿಗುತ್ತಿಲ್ಲ. ನಾಡೇ ಹೆಣ್ಣಾಗಿ ಬಂದು ಯಾರನ್ನು ವರಿಸುತ್ತಾಳೋ ಅವನೇ ಅರಸ. ಏರಿಯು, ಬಾನ್ಬ, ಫೋಲಾ ಮೂವರೂ ಇಂಥವರೇ. ಆ ದೇಶದ 'ಏರೆ' ಎಂಬ ಹೆಸರು ಏರಿಯುವಿನದು. ನೀಲ್ ಎಂಬ ರಾಜಕುಮಾರನ ಕಥೆಯಲ್ಲಿ ಬಾವಿ ಕಾಯುವ ವಿಕಾರ ಮುದುಕಿ ನೀರಿಗೆ ಬದಲಾಗಿ ಮುತ್ತಿಡು ಎಂದು ಕೇಳುತ್ತಾಳೆ. ಅವನು ಹೇಸದೆ ಅಪ್ಪಿಕೊಂಡದ್ದೇ ತಡ, ಚೆಲುವೆಯಾಗಿ 'ನಾನೇ ಅರಸುತನ' ಅನ್ನುತ್ತಾಳೆ. ಸದ್ಯಕ್ಕೆ 'ಸಾರ್ವಭೌಮತ್ವ ದೇವತೆ' ಎಂದು ಬರೆದಿಟ್ಟಿದ್ದೇನೆ, ಸಂವಿಧಾನದ ಪೀಠಿಕೆ ಓದಿದ ಹಾಗಿದೆ.
– ಎಸ್.

ರಾಜ್ಯಲಕ್ಷ್ಮಿ. ಬಾದಾಮಿ ಚಾಲುಕ್ಯರು 'ಶ್ರೀಪೃಥ್ವೀವಲ್ಲಭ' ಎಂಬ ಬಿರುದು ಹೊತ್ತದ್ದು ಇದೇ ಭಾವದಲ್ಲಿ: ನೆಲ ಹೆಂಡತಿ, ಅರಸ ಗಂಡ. ಚರ್ಚೆ ಬೇಕಿಲ್ಲ.
– ಎಚ್.ಎನ್.

> ರಾಜ್ಯಲಕ್ಷ್ಮಿ

ಒಪ್ಪಲಾರೆ. ಲಕ್ಷ್ಮಿ ಅಂದ ಕೂಡಲೇ ತಾವರೆ, ಆನೆ, ಕಾಸು ಸುರಿಯುವ ಕೈ. ಇಂಥ ದೇವಿಯೇ ಎನ್ನಲಾಗುವ, ಐರ್ಲೆಂಡಿನ ಕಾನಾಟ್ ಪ್ರಾಂತ್ಯದ ರಾಣಿ ಮೇವ್ ಹಾಸಿಗೆಯಲ್ಲಿ ಮಲಗಿಕೊಂಡೇ ಗಂಡ ಅಲಿಲ್‌ಗೆ ಹೇಳುತ್ತಾಳೆ, ನನ್ನ ಕೈಹಿಡಿಯುವವನಲ್ಲಿ ಜಿಪುಣತನ, ಅಂಜಿಕೆ, ಮತ್ಸರ ಮೂರೂ ಇರಕೂಡದು ಅಂತ. ಇವಳು ಯಾರ ಕಾಲೊತ್ತುತ್ತ ಕೂರುವವಳಲ್ಲ. 'ನಾಡೊಡತಿ' ಅನ್ನಿ. ಅಚ್ಚಗನ್ನಡ.
– ಬಿ.ಕೆ.

> ನಾಡೊಡತಿ

ಜಮೀನ್ದಾರಿಣಿ ಅಂದ ಹಾಗಿದೆ.
– ಎಚ್.ಎನ್.

ಮೈಸೂರಿನ ಒಡೆಯರು ಬರೀ ಜಮೀನ್ದಾರರಾಗಿದ್ದರೇನು ರಾಯರೇ?
– ಬಿ.ಕೆ.

ಮೇವ್ ಹೆಸರಿನ ಬೇರನ್ನು ಯಾರೂ ನೋಡುತ್ತಿಲ್ಲ. ಹಳೆಯ ರೂಪ 'ಮೆದ್ವ್', ನಮ್ಮ 'ಮಧು'ವಿನ ಒಡಹುಟ್ಟು. ಅಮಲೇರಿಸುವವಳು ಎಂದರ್ಥ. ಆ ಕಥೆಗಳಲ್ಲಿ ಅರಸುತನ ಬರುವುದೇ ಬಟ್ಟಲಿನಲ್ಲಿ: ಕಾನ್ ಎಂಬ ದೊರೆಯ ಕಥೆಯಲ್ಲಿ ಕೆಂಪು ಏಲ್ ಎಂಬ ಮದ್ಯ ಬಡಿಸುವ ಹುಡುಗಿ ಬೇರೆ ಯಾರೂ ಅಲ್ಲ, ಐರ್ಲೆಂಡಿನ ಅರಸುತನ. ಫ್ರೆಂಚ್ ವಿದ್ವಾಂಸ ಡ್ಯುಮೆಜಿಲ್ ಮೇವ್‌ಳನ್ನು ಯಯಾತಿಯ ಮಗಳು ಮಾಧವಿಯ ಪಕ್ಕದಲ್ಲಿಟ್ಟು ನೋಡಿದ್ದಾನೆ. ಆದ್ದರಿಂದ 'ಮಾಧವಿ' ಅನ್ನುವುದೇ ಸರಿ. ಹಾಗೆಯೇ ಯುದ್ಧದ ದೇವಿ ಮೊರಿಗನ್ ನಮ್ಮ ಮಾರಿಯೇ. ಇದನ್ನು ಇಲ್ಲಿ ಹಿಂದೆಯೂ ಬರೆದಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.
– ಪಿ.

ಮಧು ಸರಿ. ಮಾರಿ ಖಂಡಿತ ಅಲ್ಲ. 'ರೀಗನ್' ಅಂದರೆ ರಾಣಿ, ನಂಟು 'ರಾಜ್ಞಿ'ಯ ಜೊತೆಗೆ. 'ಮೊರ್' ಅಂದರೆ ದೊಡ್ಡದೋ ದಿಗಿಲೋ ಎಂಬುದರ ಮೇಲೆ ವಿದ್ವಾಂಸರಲ್ಲಿ ಜಗಳವಿದೆ, ಅದರಲ್ಲಿ ಮಾರಿಗೆ ಜಾಗವಿಲ್ಲ. ಕಿವಿಗೆ ಒಂದೇ ಥರ ಕೇಳಿದ್ದೆಲ್ಲ ನಿಷ್ಪತ್ತಿಯಾಗದು. ಇನ್ನು ಮಾಧವಿ ಅಂತ ಅಚ್ಚು ಹಾಕಿಸಿದರೆ ಓದಿದವರು ನಟಿಯ ಹೆಸರು ಅಂದುಕೊಳ್ಳುತ್ತಾರೆ.

ಎಸ್. ಮೇಡಂ, ಮೇವ್ ನಡೆಸಿದ 'ಟಾನ್ ಬೋ' ದಂಡಯಾತ್ರೆಯನ್ನು ದಯವಿಟ್ಟು 'ಜಾನುವಾರು ದಾಳಿ' ಮಾಡಬೇಡಿ. ನಮ್ಮ ವೀರಗಲ್ಲುಗಳಿಗೆ ಗೊತ್ತಿರುವ ಪದ ಇದೆ: ತುರುಗೋಳ್. ಇಷ್ಟು ಕರಾರುವಾಕ್ಕಾದ ಪದ ಇಂಗ್ಲಿಷಿನಲ್ಲೂ ಇಲ್ಲ.
– ಜಿ.

ತುರು ಅಂದರೆ ಹಸು. ಮೇವ್ ಕಣ್ಣು ಹಾಕಿದ್ದು ಪಕ್ಕದ ಅಲ್ಸ್ಟರ್ ಪ್ರಾಂತ್ಯದ ಕಂದು ಹೋರಿಯ ಮೇಲೆ.
– ಎಚ್.ಎನ್.

ಐರಿಷಿನ 'ಬೋ' ಕೂಡ ಹಸುವೇ.
– ಜಿ.

> ಅಚ್ಚಗನ್ನಡ

ಈ ಅಚ್ಚಗನ್ನಡದವರಿಗೆ ಒಂದು ಪ್ರಶ್ನೆ. ಒಡತಿ ಕನ್ನಡ, ಸರಿ. 'ದೇವಿ'ಯನ್ನು ಏನು ಮಾಡುತ್ತೀರಿ? ಕರಪತ್ರ, ನಾಟಕ, ಪುರಾಣ ಎಲ್ಲ ಸಂಸ್ಕೃತವೇ. ಕಾಗದ ಪಾರಸಿಯದು. ಎರವಲೆಲ್ಲ ಹಿಂದಿರುಗಿಸಿದರೆ ಎಸ್. ಅವರು ಖಾಲಿ ಹಾಳೆ ಹಂಚಬೇಕಾದೀತು.
– ಎಚ್.ಎನ್.

'ಆಟ' ಅನ್ನಲಿ. ಕರಾವಳಿಯಲ್ಲಿ ಯಕ್ಷಗಾನಕ್ಕೆ ಇಂದಿಗೂ ಹಾಗೇ ಅನ್ನುತ್ತಾರೆ, ಯಾರಿಗೂ ಅರ್ಥವಾಗದೆ ಹೋಗಿಲ್ಲ. ಎರವಲು ಬೇಡವೆಂದು ನಾನೆಲ್ಲಿ ಹೇಳಿದೆ? ಮನೆಯಲ್ಲಿ ಇರುವಾಗ ಕೇಳಲು ಹೋಗಬೇಡಿ ಅಂದೆ.
– ಬಿ.ಕೆ.

ಎಲ್ಲರಿಗೂ ಧನ್ಯವಾದ. 'ನಾಡೊಡತಿ', 'ತುರುಗೋಳ್' ಎರಡನ್ನೂ ಹಾಕಿ ಪ್ರೆಸ್ಸಿಗೆ ಕಳಿಸಿದೆ. ಇನ್ನೊಂದೇ ತೊಡಕು. ನಮ್ಮ ನಟರೆಲ್ಲ 'ಮೇವ್' ಅನ್ನುವುದನ್ನು 'ಮೇವು' ಮಾಡುತ್ತಿದ್ದಾರೆ, ರಾಣಿ ಬಂದಾಗಲೆಲ್ಲ ನಗು. ಏನು ಮಾಡಲಿ?
– ಎಸ್.

ರಾಜ್ಯಲಕ್ಷ್ಮಿ ಬೇಡವೆಂದಿರಲ್ಲ, ಅನುಭವಿಸಿ.
– ಎಚ್.ಎನ್.