ಹೊರಪೊರೆಯ ಮೇಲಿನ ಕೀಟೊರಿಡಕ್ಟೇಸ್: ಎನ್‌ಎಡಿಪಿಎಚ್ ಮರುಪೂರಣ ಹೇಗೆ?

ಪ್ರಶ್ನೆ: ಸರ್, ಇ. ಕೋಲಿ ಬ್ಯಾಕ್ಟೀರಿಯಾದ ಹೊರಪೊರೆಯ ಮೇಲೆ ಕೀಟೊರಿಡಕ್ಟೇಸ್ (ಕೀಟೋನನ್ನು ಆಲ್ಕೋಹಾಲ್ ಆಗಿಸುವ ಕಿಣ್ವ) ಕೂರಿಸಿದ್ದೇವೆ. ಅದಕ್ಕೆ ಹೈಡ್ರೋಜನ್ ಒದಗಿಸುವ ಸಹಾಯಕ ಅಣು ಎನ್‌ಎಡಿಪಿಎಚ್ ಹಾಕಿದರೆ ಕೆಲಸ ಮಾಡುತ್ತದೆ. ಬರೀ ಗ್ಲೂಕೋಸ್ ಕೊಟ್ಟರೆ ಉತ್ಪನ್ನವೇ ಇಲ್ಲ. ಪ್ರತಿಸಲ ಎನ್‌ಎಡಿಪಿಎಚ್ ಸುರಿಯುವಷ್ಟು ದುಡ್ಡಿಲ್ಲ. ದಾರಿಯೇನು?

ಉತ್ತರ: ಉತ್ಪನ್ನ ಬಾರದಿರುವುದು ಒಳ್ಳೆಯ ಲಕ್ಷಣ. ಕೋಶದೊಳಗಿನ ಎನ್‌ಎಡಿಪಿಎಚ್ ಒಳಪೊರೆ ದಾಟಿ ಬರುವುದಿಲ್ಲ. ಬರೀ ಗ್ಲೂಕೋಸಿನಲ್ಲೇ ಉತ್ಪನ್ನ ಬಂದಿದ್ದರೆ ನಿಮ್ಮ ಕಿಣ್ವ ಒಳಗೇ ಉಳಿದಿದೆ ಎಂದು ಅನುಮಾನಿಸಬೇಕಿತ್ತು. ಹಾಗಾಗಿ ಮರುಪೂರಣದ ಚಕ್ರವನ್ನು ಹೊರಗೇ ಕಟ್ಟಿ: ಗ್ಲೂಕೋಸ್ ಡಿಹೈಡ್ರೋಜಿನೇಸ್ ಸೇರಿಸಿ. ಗ್ಲೂಕೋಸನ್ನು ಬಳಸಿ, ಖರ್ಚಾಗಿ ಉಳಿದ ಎನ್‌ಎಡಿಪಿಯನ್ನು ಮತ್ತೆ ಎನ್‌ಎಡಿಪಿಎಚ್ ಆಗಿಸುವ ಕಿಣ್ವ ಅದು.

10 ಮಿಲೀಗೆ ಹೀಗೆ ಶುರುಮಾಡಿ. ತೊಳೆದ ಕೋಶ ಓಡಿ (ಕೋಶಗಳ ದಟ್ಟಣೆಯ ಅಳತೆ) 10, ಕೀಟೋನ್ 50 ಮಿಲಿಮೋಲಾರ್, ಗ್ಲೂಕೋಸ್ 180 ಮಿಗ್ರಾಂ (100 ಮಿಲಿಮೋಲಾರ್, ಕೋಶಗಳೂ ತಿನ್ನುವುದರಿಂದ ಇಮ್ಮಡಿ), ಎನ್‌ಎಡಿಪಿ ಡೈಸೋಡಿಯಂ ಲವಣ 1.6 ಮಿಗ್ರಾಂ (0.2 ಮಿಲಿಮೋಲಾರ್). ದುಬಾರಿ ಎನ್‌ಎಡಿಪಿಎಚ್ ಬೇಡ. ಡಿಹೈಡ್ರೋಜಿನೇಸ್ ಯೂನಿಟ್ಟುಗಳು ರಿಡಕ್ಟೇಸಿನ ಎರಡರಷ್ಟಿರಲಿ. ಬಫರ್ 100 ಮಿಲಿಮೋಲಾರ್ ಟ್ರಿಸ್, ಪಿಎಚ್ 7.5. ಫಾಸ್ಫೇಟಿನಲ್ಲಿ ಎನ್‌ಎಡಿಪಿಎಚ್ ಬೇಗ ಕೆಡುತ್ತದೆ. ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿದಿಡುವ ರಾಸಾಯನಿಕ) ಮಾತ್ರ ಸೋಕಿಸಬೇಡಿ, ಹೊರಪೊರೆ ಸಡಿಲವಾಗುತ್ತದೆ.

ಹೆಚ್ಚಿನವರು ಎಡವುವುದು ಪಿಎಚ್‌ನಲ್ಲಿ. ಒಂದು ಕೀಟೋನ್ ಅಣುವಿಗೆ ಒಂದು ಗ್ಲೂಕೋನಿಕ್ ಆಮ್ಲ ಹುಟ್ಟುತ್ತದೆ. ಆ ಪಿಎಚ್‌ನಲ್ಲಿ ಟ್ರಿಸ್ ತಡೆದುಕೊಳ್ಳುವುದು ಸುಮಾರು 20 ಮಿಲಿಮೋಲಾರ್ ಆಮ್ಲವನ್ನಷ್ಟೇ, ನಿಮಗೆ ಬರುವುದು 50. ಪಿಎಚ್ ಇಳಿದರೆ ಎನ್‌ಎಡಿಪಿಎಚ್ ಒಡೆಯುತ್ತದೆ. 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡನ್ನು ಕಲಕುತ್ತಾ ಹನಿಹನಿಯಾಗಿ ಬಿಡುತ್ತಿರಿ, ಒಟ್ಟು ಅರ್ಧ ಮಿಲೀ ಆಸುಪಾಸು. ಕ್ಷಾರ ಅತಿಯಾದರೂ ಕಷ್ಟವೇ: ಬ್ಯಾಸಿಲಸ್ ಮೆಗಟೇರಿಯಂ ಬ್ಯಾಕ್ಟೀರಿಯಾದ ಡಿಹೈಡ್ರೋಜಿನೇಸ್ ನಾಲ್ಕು ಉಪಘಟಕಗಳಾಗಿ ಬಿಡಿಬಿಡಿಯಾಗಿ ಸತ್ತುಹೋಗುತ್ತದೆ.

ಪ್ರಶ್ನೆ: ಅರ್ಧದಲ್ಲೇ ನಿಂತರೆ?

ಉತ್ತರ: ಮೊದಲು ಪಿಎಚ್ ನೋಡಿ. ಅದು ಸರಿಯಿದ್ದರೆ ಸ್ವಲ್ಪ ಎನ್‌ಎಡಿಪಿ ಹಾಕಿ. ಮತ್ತೆ ಓಡಿದರೆ ಕೋಫ್ಯಾಕ್ಟರ್ (ಆ ಸಹಾಯಕ ಅಣು) ಕೆಟ್ಟಿತ್ತು ಎಂದರ್ಥ. ಇಲ್ಲವಾದರೆ ಡಿಹೈಡ್ರೋಜಿನೇಸ್ ಕೆಟ್ಟಿರಬಹುದು. ಜೊತೆಗೆ ಖಾಲಿ ಪ್ಲಾಸ್ಮಿಡ್ (ಕೀಟೊರಿಡಕ್ಟೇಸ್ ಜೀನ್ ಇಲ್ಲದ ಡಿಎನ್‌ಎ ಉಂಗುರ) ಇರುವ ಕೋಶಕ್ಕೆ 0.2 ಮಿಲಿಮೋಲಾರ್ ಎನ್‌ಎಡಿಪಿಎಚ್ ಕೊಟ್ಟು, ಆಗಾಗ ಮಾದರಿ ತೆಗೆದು, ಸೆಂಟ್ರಿಫ್ಯೂಜ್ ಮಾಡಿ, ತಿಳಿಯ ಬೆಳಕು ಹೀರಿಕೆಯನ್ನು ಎನ್‌ಎಡಿಪಿಎಚ್ ಹೀರುವ 340 ನ್ಯಾನೊಮೀಟರಿನಲ್ಲಿ ಅಳೆಯಿರಿ. ಆರಂಭದಲ್ಲಿ 1.24 ಬರಬೇಕು. ಬೇಗ ಕುಸಿದರೆ ಕೋಶಗಳು ಒಡೆದು ಒಳಗಿನ ಕಿಣ್ವಗಳು ಸೋರಿವೆ. ಕೋಶ ತೇಲುವ ದ್ರವವನ್ನೇ ನೇರ ಅಳೆದರೆ ಆ ಮಬ್ಬಿನಲ್ಲಿ ಸಂಖ್ಯೆಗೆ ಅರ್ಥವೇ ಇರುವುದಿಲ್ಲ.

ಪ್ರಶ್ನೆ: ಡಿಹೈಡ್ರೋಜಿನೇಸನ್ನೂ ಮೇಲ್ಮೈಗೇ ಕೂರಿಸಬಹುದಲ್ಲವೇ?

ಉತ್ತರ: ಸದ್ಯಕ್ಕೆ ಬೇಡ. ನಾಲ್ಕು ಉಪಘಟಕಗಳು ಪೊರೆಯ ಮೇಲೆ ಒಂದನ್ನೊಂದು ಹುಡುಕಿ ಕೂಡಿದರಷ್ಟೇ ಅದು ಕೆಲಸ ಮಾಡೀತು. ಬಿಡಿ ಕಿಣ್ವದಲ್ಲಿ 50 ಮಿಲಿಮೋಲಾರ್ ಪೂರ್ತಿ ಪರಿವರ್ತನೆಯಾದರೆ ಪ್ರತಿ ಎನ್‌ಎಡಿಪಿ 250 ಸಲ ತಿರುಗಿದಂತಾಯಿತು. ಅಲ್ಲಿಗೆ ಮುಟ್ಟಿದ ಮೇಲೆ ಎನ್‌ಎಡಿಪಿಯನ್ನು 0.05ಕ್ಕೆ ಇಳಿಸಿ ನೋಡಿ.